ಒಂದು ಮೆಟ್ಟಿಲು ಕೆಳಗಿನ ಪದಗಳು

೧

ಈ ಕಥೆಯನ್ನು ತಂಗಿಯಿಂದ ಶುರು ಮಾಡಲೋ, ಅವಳ ಸಾಫ್ಟ್‌ವೇರಿನಿಂದಲೋ? ಸಾಫ್ಟ್‌ವೇರಿನಿಂದ ಅಂದರೆ ನೀವು ಎದ್ದು ಹೋಗುತ್ತೀರಿ. ತಂಗಿಯಿಂದ ಅಂದರೆ ಅವಳೇ ನಾಯಕಿಯಾಗಿಬಿಡುತ್ತಾಳೆ. ಇಷ್ಟು ವರ್ಷ ಮನೆಯಲ್ಲಿ ಆಗಿರುವುದೂ ಅದೇ, ಕಥೆಯಲ್ಲಾದರೂ ಬೇಡ.

(ನೋಡಿ, ಒಂದು ಪ್ಯಾರಾ ಮುಗಿಯುವ ಮೊದಲೇ ಹೊಟ್ಟೆಕಿಚ್ಚು ಹೊಗೆಯಾಡಿತು.)

೨. ಕೈಬಿಟ್ಟ ಕರಡು

"ಒಬ್ಬಳು ಅಕ್ಕ, ಒಬ್ಬಳು ತಂಗಿ. ಇಬ್ಬರೂ ಓದಿದ್ದು ಪರಿಸರ ವಿಜ್ಞಾನವನ್ನೇ. ಅಕ್ಕನ ಹಳೇ ಪುಸ್ತಕಗಳನ್ನೇ, ಅಕ್ಕ ಗೆರೆ ಎಳೆದಿದ್ದ ಸಾಲುಗಳನ್ನೇ ಓದಿ ತಂಗಿ ಮೊದಲ ಸ್ಥಾನ ಪಡೆದಳು. ಅಕ್ಕ..."

ಇಲ್ಲ, ಇದು ಕಥೆಯಲ್ಲ, ದೂರು. ಹೊಡೆದುಹಾಕಿದೆ. (ನಿಮಗೆ ಕಾಣುವ ಹಾಗೇ ಬಿಟ್ಟಿದ್ದೇನೆ ಅನ್ನುವುದು ಬೇರೆ ಮಾತು.)

೩

ಆದದ್ದಿಷ್ಟು. ಕೆರೆಗಳಲ್ಲಿ ಹಕ್ಕಿ ಎಣಿಸುವವರು ತರುವ ಲೆಕ್ಕವನ್ನು ಕೊಟ್ಟರೆ, ಅವರ ಕಣ್ಣಿಗೆ ಬೀಳದೆ ಉಳಿದ ಹಕ್ಕಿಗಳು ಎಷ್ಟಿರಬಹುದೆಂದು ತಂಗಿಯ ಸಾಫ್ಟ್‌ವೇರ್ ಹೇಳುತ್ತದೆ. ಸಂಶೋಧನಾ ಸಂಸ್ಥೆಯೊಂದು ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡರೆ ಅವಳಿಗೆ ಅಲ್ಲೇ ಕೆಲಸ. ಸಾಫ್ಟ್‌ವೇರಿನ ವಿವರಣೆ ಬೇಕು ಎಂದರು ಸಂಸ್ಥೆಯವರು. ತನ್ನ ವೆಬ್‌ಪುಟದಲ್ಲಿದ್ದದ್ದನ್ನೇ ಕಳಿಸಿದಳು. ಅವರ ತಪಾಸಣಾ ಯಂತ್ರ 'ನಕಲು' ಎಂದು ಹಿಂದಿರುಗಿಸಿತು. ತನ್ನ ಮನೆಗೇ ಕನ್ನ ಹಾಕಿ ಸಿಕ್ಕಿಬಿದ್ದ ಕಳ್ಳಿ! ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಕ್ಕೆ.

ನನ್ನ ಉದ್ಯೋಗವೇ ತಿರುಗಿಸಿ ಬರೆಯುವುದು. ಒಂದೇ ಫ್ಯಾನಿನ ಬಗ್ಗೆ ಬೇರೆಬೇರೆ ಅಂಗಡಿಗಳ ವೆಬ್‌ಸೈಟಿಗೆ ಬೇರೆಬೇರೆ ಮಾತಿನಲ್ಲಿ.

"ಅಕ್ಕಾ, ಸಮಾನಾರ್ಥಕ ಪದ ಹಾಕಿ ಬರೆದುಕೊಡೇ. ನಿಂಗಿದು ನೀರು ಕುಡಿದಷ್ಟು ಸುಲಭ."

"ನೀನೇ ಬರ್ಕೋ. ಬುದ್ಧಿವಂತೆ ನೀನಲ್ವಾ?"

"ಬುದ್ಧಿ ಇರೋದಕ್ಕೇ ನಿನ್ನ ಹತ್ರ ಬಂದಿರೋದು."

ಇದಕ್ಕೇನು ಹೇಳುತ್ತೀರಿ? ನನ್ನನ್ನು ಹೊಗಳುವುದರಲ್ಲೂ ಗೆದ್ದವಳು ಅವಳೇ.

೪

ಬರೆದುಕೊಟ್ಟೆ. 'ಹೊಚ್ಚ ಹೊಸ ವಿಧಾನ' ಇದ್ದಲ್ಲಿ 'ಸುಧಾರಿಸಿದ ವಿಧಾನ'. 'ನಿಖರ' ಹೋಗಿ 'ಬಹುಮಟ್ಟಿಗೆ ನಂಬಬಹುದಾದ'. 'ಕಂಡುಹಿಡಿಯುತ್ತದೆ' ಎಂಬುದು 'ಅಂದಾಜು ಮಾಡುತ್ತದೆ' ಆಯಿತು. 'ಯಾವುದೇ ಕೆರೆಗೆ' ಎಂದು ಅವಳು ಬರೆದಿದ್ದಳು. ನಾನು 'ಈವರೆಗೆ ಪರೀಕ್ಷಿಸಿದ ಕೆರೆಗಳಿಗೆ' ಎಂದೆ. ಇಷ್ಟು ಸಾಲದೆಂದು 'ದಟ್ಟ ಜೊಂಡಿನ ಕೆರೆಗಳಲ್ಲಿ ಫಲಿತಾಂಶ ಅಷ್ಟು ಗಟ್ಟಿಯಲ್ಲ' ಎಂದೊಂದು ಸಾಲು ಸೇರಿಸಿದೆ. ಊಟದ ಹೊತ್ತಿನಲ್ಲಿ ಅವಳೇ ಗೊಣಗಿದ್ದ ಮಾತು ಅದು.

ಒಂದೂ ಸುಳ್ಳಲ್ಲ. ಪ್ರತಿ ಪದವೂ ಅವಳ ಪದಕ್ಕಿಂತ ಒಂದೇ ಒಂದು ಮೆಟ್ಟಿಲು ಕೆಳಗೆ. ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ. ಹಾವಿಗೆ ಸ್ವಲ್ಪ ನೋವಾದರೆ ಸಾಕಿತ್ತು.

೫

(ಇಲ್ಲಿ ಕಾಗದದ ಮೇಲಿನ ತಂಗಿ ಬಾಯಿ ಹಾಕುತ್ತಾಳೆ. ನಿಜದವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ.)

"ನನ್ನನ್ನೇನು ಇಷ್ಟು ಒಳ್ಳೆಯವಳನ್ನಾಗಿ ಮಾಡಿದೀಯ? ನಿನ್ನ ಸಂಶೋಧನೆ ಅರ್ಧಕ್ಕೆ ನಿಂತಾಗ ನಂಗೆ ಒಳಗೊಳಗೇ ಖುಷಿಯಾಗಿತ್ತು ಅಂತ ಬರಿ."

"ಹಾಗೆ ಬರೆದರೆ ಓದುವವರು ನನ್ನ ಕಡೆ ಆಗ್ತಾರೆ."

"ಆಗ್ಲಿ ಬಿಡು."

"ಬೇಡ. ಹೊಟ್ಟೆಕಿಚ್ಚೊಂದೇ ನನ್ನ ಸ್ವಂತದ್ದು. ಅದ್ರಲ್ಲೂ ಪಾಲು ಕೇಳ್ಬೇಡ."

೬. ಕೆಲವು ಮುಕ್ತಾಯಗಳು

ಅ) ಸಂಸ್ಥೆ ಬೇಡವೆನ್ನುತ್ತದೆ. ತಂಗಿ ಅಳುತ್ತಾಳೆ, ನಾನು ಬೆನ್ನು ಸವರುತ್ತೇನೆ. ಬರೆದು ನೋಡಿದೆ. ಓದಲು ಎಷ್ಟು ಹಿತವಾಗಿತ್ತೆಂದರೆ, ನಂಬಲಾಗಲಿಲ್ಲ.

ಆ) ಕಳಿಸುವ ಮುಂಚೆ ನನ್ನ ಮನಸ್ಸು ಕರಗಿ ಅವಳ ಪದಗಳನ್ನು ವಾಪಸ್ ಇಡುತ್ತೇನೆ. (ನನ್ನನ್ನು ಬಲ್ಲವರು ಈಗ ನಗುತ್ತಿದ್ದಾರೆ.)

ಇ) ಸಂಸ್ಥೆಯ ವಿಜ್ಞಾನಿ ತಂಗಿಗೆ ಫೋನ್ ಮಾಡುತ್ತಾರೆ. "ಎಲ್ಲರೂ ತಮ್ಮ ಸಾಫ್ಟ್‌ವೇರ್ ಆಕಾಶಕ್ಕೇ ಏಣಿ ಹಾಕುತ್ತೆ ಅಂತಾರಮ್ಮ. ಅದರ ಕೈಲಿ ಯಾವುದು ಆಗಲ್ಲ ಅಂತ ಹೇಳಿದವರು ನೀವೊಬ್ಬರೇ. ಅದಕ್ಕೇ ನಂಬಿಕೆ ಬಂತು." ಕೆಲಸ ಅವಳದಾಗುತ್ತದೆ.

ನನ್ನ ದುರದೃಷ್ಟಕ್ಕೆ, ಮೂರನೆಯದು ನಾನು ಕಟ್ಟಿದ್ದಲ್ಲ. ಇವತ್ತು ಸಂಜೆ ಆದದ್ದೇ ಅದು. ನನ್ನ ವಿಷವೂ ಅವಳಿಗೆ ಟಾನಿಕ್ಕು!

೭

ಮಡಚಿದ ಬಟ್ಟೆ ಮಂಚದ ಮೇಲಿಟ್ಟು ತಂಗಿ ನನ್ನ ಕೋಣೆಗೆ ಬಂದಳು. (ನಿಜದವಳು.) ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಪದಪದಕ್ಕೂ ನನ್ನ ಕಿವಿ ಹಿಂಡಿದೀಯಲ್ಲ, ಗೊತ್ತಾಗಲ್ಲ ಅಂದ್ಕೊಂಡ್ಯಾ?"

ನಾನು ತಿರುಗಲಿಲ್ಲ. "ಗೊತ್ತಿದ್ದೂ ಯಾಕೆ ಕಳಿಸಿದೆ?"

"ಎಲ್ಲಾ ನಿಜಾನೇ ಇತ್ತಲ್ಲ, ಅದಕ್ಕೆ."

ಕೆಳಗಡೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ಅವರ ಪುಟದಲ್ಲಿ 'ವಿವರಣೆ ಬರೆದವರು' ಅಂತ ಜಾಗ ಇದೆ," ಎಂದಳು. "ನಿನ್ನ ಹೆಸರು ಹಾಕ್ಲಾ, ಅಕ್ಕಾ?"

ಹಾಕು ಎಂದರೆ ನಾನು ಮಾಡಿದ್ದು ಸಹಾಯವಾಗಿಬಿಡುತ್ತದೆ. ಬೇಡ ಎಂದರೆ ದೊಡ್ಡತನವಾಗುತ್ತದೆ. ಎರಡೂ ಅಲ್ಲದ್ದಕ್ಕೆ ಆ ಪುಟದಲ್ಲಿ ಜಾಗವಿಲ್ಲ. ಈ ಕಥೆಯಲ್ಲಿ ಇದೆ ಅಂದುಕೊಂಡು ಬರೆಯುತ್ತಾ ಬಂದೆ, ಇಲ್ಲೂ ಕಾಣುತ್ತಿಲ್ಲ.

ಓದುಗರೇ, ನೀವು ಬೇಕಾದರೆ ಎದ್ದು ಹೋಗಿ. ನಾನು ಏಳುವ ಹಾಗಿಲ್ಲ. ಅವಳಿನ್ನೂ ಕುರ್ಚಿ ಬಿಟ್ಟಿಲ್ಲ.