ಹದಿನೈದನೆಯ ಇಂಜೆಕ್ಷನ್

ಕಾಪು ಪೇಟೆಯಲ್ಲಿ ಡಾಕ್ಟರ್ ಲೀಲಾಧರರ ದವಾಖಾನೆ ತೆರೆಯುವುದು ಬೆಳಿಗ್ಗೆ ಒಂಬತ್ತಕ್ಕೆ. ಎಂಟೂವರೆಗೇ ಬೆಂಚು ತುಂಬಿರುತ್ತದೆ. ಕಲ್ಯಾಣಪುರದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ನರ್ಸ್ ತೆರೆಸಾ ಬಾಯಿ ಬಂದವಳೇ ಸ್ಟವ್ ಹಚ್ಚಿ, ಗಾಜಿನ ಸಿರಿಂಜುಗಳನ್ನೂ ಸೂಜಿಗಳನ್ನೂ ಕುದಿಯಲು ಇಡುತ್ತಾಳೆ. ಹನ್ನೊಂದು ವರ್ಷಗಳಿಂದ ನಡೆದುಬಂದ ಕ್ರಮ ಅದು. 1982ರ ಆ ಮಂಗಳವಾರವೂ ಅದನ್ನೇ ಮಾಡಿದಳು, ಆದರೆ ಪಾತ್ರೆಯನ್ನು ಕುಕ್ಕಿ ಇಟ್ಟಳು.

ಸಿಟ್ಟಿಗೆ ಕಾರಣ ಕೆಂಪು ಇಂಜೆಕ್ಷನ್. ಅದೊಂದು ವಿಟಮಿನ್ನು, ಅಷ್ಟೇ. ಎದೆ ಡಬಡಬ ಎನ್ನುತ್ತದೆ, ನಿದ್ದೆ ಬರುವುದಿಲ್ಲ, ಕೈಕಾಲು ಜೋಮು ಹಿಡಿಯುತ್ತದೆ ಎಂದು ಹೆಂಗಸರು ಹೇಳಿ ಮುಗಿಸುವ ಮೊದಲೇ ಡಾಕ್ಟರರು ಚೀಟಿಯ ಮೇಲೆ 'ನಿಶ್ಶಕ್ತಿ' ಎಂದು ಗೀಚುತ್ತಿದ್ದರು. ನಿಶ್ಶಕ್ತಿ ಎಂದರೆ ಕೆಂಪು. ಕುಡುಕ ಗಂಡನಿಂದ ದಿನಾ ಒದೆ ತಿನ್ನುವ ಮೀನಿನ ರತ್ನಾವತಿಗೂ ಕೆಂಪು, ಎರಡು ಸಲ ಮದುವೆ ಮುರಿದುಬಿದ್ದ ಬೀಡಿ ಕಟ್ಟುವ ಹುಡುಗಿಗೂ ಕೆಂಪು. ಡಾಕ್ಟರರು ಕೆಟ್ಟವರಲ್ಲ. ನೆರೆ ಬಂದಾಗ ದೋಣಿ ಹತ್ತಿ ಹೋಗಿ ಹೆರಿಗೆ ಮಾಡಿಸಿದವರು. ಆದರೆ ದಿನಕ್ಕೆ ಎಂಬತ್ತು ಜನರನ್ನು ನೋಡುವವರಿಗೆ ಒಬ್ಬೊಬ್ಬರ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

ಹತ್ತೂವರೆಯ ಹೊತ್ತಿಗೆ ಜುಬೈದಾ ಬಂದಳು. ಜೊತೆಗೆ ಎಂದಿನಂತೆ ಅತ್ತೆ ಸಫಿಯಮ್ಮ. ಇಪ್ಪತ್ತೆರಡರ ಹುಡುಗಿ, ಗಂಡ ಸಯೀದ್ ಸೌದಿಯಲ್ಲಿ ಕ್ರೇನ್ ಓಡಿಸುತ್ತಾನೆ. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬುದು ಅವಳ ದೂರು. ಡಾಕ್ಟರರು ಗಂಟಲಿಗೆ ಟಾರ್ಚು ಬಿಟ್ಟು ನೋಡಿದರು, ಏನೂ ಇಲ್ಲ ಎಂದರು, ಗೀಚಿದರು. ಅತ್ತೆ ಹೊರಗಿನ ಬೆಂಚಿನಲ್ಲಿ ಕುಳಿತಳು, ಸೊಸೆ ಪರದೆಯ ಹಿಂದೆ ಬಂದಳು.

"ಯಾವ ಕೈಗೆ ಹಾಕಲಿ?" ತೆರೆಸಾ ಕೇಳಿದಳು.

"ಯಾವುದಾದರೂ ಆಗ್ತದೆ ಬಾಯಮ್ಮ."

ಎರಡೂ ತೋಳುಗಳಲ್ಲಿ ಸೂಜಿಯ ಗಂಟುಗಳಿದ್ದವು. ತೆರೆಸಾ ಚೀಟಿಯನ್ನು ತಿರುಗಿಸಿ ಎಣಿಸಿದಳು. ನಾಲ್ಕು ತಿಂಗಳಿನಲ್ಲಿ ಹದಿನಾಲ್ಕು. ಹದಿನಾಲ್ಕೂ ತನ್ನ ಕೈಯಿಂದಲೇ ಚುಚ್ಚಿದ್ದು. ಆಗ ಅವಳಿಗೆ ಡಾಕ್ಟರರ ಮೇಲಿದ್ದ ಸಿಟ್ಟು ತನ್ನ ಮೇಲೆಯೇ ತಿರುಗಿತು.

"ಗಂಟಲಿಗೆ ಎಂತ ಆಗ್ತದೆ ನಿಂಗೆ? ಸರಿಯಾಗಿ ಹೇಳು."

"ಅನ್ನ ಇಳಿಯುವುದಿಲ್ಲ. ತಿಂಗಳ ಮೊದಲನೇ ಶುಕ್ರವಾರ ಹತ್ತಿರ ಬಂದ ಹಾಗೆ ಜಾಸ್ತಿ ಆಗ್ತದೆ."

"ಶುಕ್ರವಾರ ಎಂತ ಉಂಟು?"

"ಕ್ಯಾಸೆಟ್ಟಿಗೆ ಸ್ವರ ತುಂಬಿಸುವುದು. ಅವರಿಗೆ ಕಳಿಸಲಿಕ್ಕೆ."

ಇದು ತೆರೆಸಾಳಿಗೂ ಗೊತ್ತಿತ್ತು. ಗಲ್ಫಿನಲ್ಲಿ ಗಂಡಸರಿರುವ ಮನೆಗಳಲ್ಲಿ ಕಾಗದ ಬರೆಯುವವರು ಕಡಿಮೆಯಾಗಿದ್ದರು. ಟೇಪ್ ರೆಕಾರ್ಡರನ್ನು ಚಾವಡಿಯ ಮಧ್ಯೆ ಇಟ್ಟು ಮನೆಯವರು, ನೆರೆಯವರು ಸುತ್ತ ಕುಳಿತು ಸರದಿಯ ಮೇಲೆ ಮಾತಾಡುತ್ತಿದ್ದರು. ಅಷ್ಟು ಜನರ ಮುಂದೆ ಹೆಂಡತಿಯಾದವಳು ಗಂಡನಿಗೆ ಹೇಳುವುದು ಸಲಾಂ ಮತ್ತು ಕ್ಷೇಮ, ಇಷ್ಟೇ.

"ಮಕ್ಕಳು ಉಂಟಾ ನಿಂಗೆ?"

"ಉಂಟು," ಎಂದಳು ಜುಬೈದಾ. ಮತ್ತೆ, "ಇಲ್ಲ."

"ಎಂತ ಮಾರಾಯ್ತಿ, ಉಂಟಾ ಇಲ್ವಾ?"

"ಮನೆಯಲ್ಲಿ ಇಲ್ಲ ಬಾಯಮ್ಮ. ಕ್ಯಾಸೆಟ್ಟಿನಲ್ಲಿ ಉಂಟು."

ಆಮೇಲೆ ಹುಡುಗಿ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಹೆಣ್ಣು ಮಗು, ಸೌದಾ ಎಂದು ಹೆಸರು. ಅಪ್ಪ ಸೌದಿಗೆ ಹೋದ ಮೇಲೆ ಹುಟ್ಟಿದ್ದು, ಅವನು ನೋಡಿಯೇ ಇಲ್ಲ. ಮೂರು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು. ಅಲ್ಲಿ ಒಬ್ಬನೇ ಇರುವವನಿಗೆ ಈಗಲೇ ಹೇಳುವುದು ಬೇಡ, ಊರಿಗೆ ಬಂದ ಮೇಲೆ ಹೇಳಿದರಾಯಿತು ಎಂದು ಹಿರಿಯರು ತೀರ್ಮಾನಿಸಿದರು. ಅವನಿರುವ ಮರುಭೂಮಿಯ ಕ್ಯಾಂಪಿನಲ್ಲಿ ಊರಿನವರು ಯಾರೂ ಇರಲಿಲ್ಲವಾದ್ದರಿಂದ ಸುದ್ದಿ ಮುಟ್ಟುವ ಭಯವೂ ಇರಲಿಲ್ಲ. ಅಲ್ಲಿಂದ ಇಲ್ಲಿಗೆ ಹತ್ತು ತಿಂಗಳು. ಪ್ರತಿ ತಿಂಗಳೂ ನೆರೆಮನೆಯ ಮಗುವನ್ನು ಎತ್ತಿಕೊಂಡು ಬಂದು ರೆಕಾರ್ಡರಿನ ಮುಂದೆ ನಗಿಸುತ್ತಾರೆ, ಇಲ್ಲವೇ ಚಿವುಟಿ ಅಳಿಸುತ್ತಾರೆ. ಜುಬೈದಾ ಪಕ್ಕದಲ್ಲಿ ಕುಳಿತು, ಈಗ ಮಗುಚಿಕೊಳ್ಳುತ್ತಾಳೆ, ಈಗ ಅಂಬೆಗಾಲಿಡುತ್ತಾಳೆ ಎಂದು ಹೇಳಬೇಕು.

"ಈಗ ಬೂಟು ಕಳಿಸ್ತಾರಂತೆ," ಎಂದು ಅವಳು ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದಳು. "ಕಾಗದದ ಮೇಲೆ ಅವಳ ಕಾಲಿಟ್ಟು ಗೆರೆ ಎಳೆದು ಕಳಿಸು ಅಂತ ಹೇಳಿದ್ದಾರೆ. ನಿನ್ನೆ ನೆರೆಮನೆ ಮಗುವಿನ ಕಾಲು ನಾನೇ ಹಿಡಿದುಕೊಂಡೆ. ಆಮೇಲೆ ಬಾವಿಯ ಹತ್ತಿರ ಹೋಗಿ ತುಂಬಾ ಹೊತ್ತು ನಿಂತಿದ್ದೆ. ನೀರು ಸೇದಲಿಕ್ಕೆ ಅಲ್ಲ ಬಾಯಮ್ಮ. ಬರುವ ಶುಕ್ರವಾರ ಅವಳು ನಡೀತಾಳೆ ಅಂತ ಹೇಳಬೇಕು. ನನ್ನಿಂದ ಆಗುವುದಿಲ್ಲ."

ತೆರೆಸಾ ತುಂಬಿಸಿದ ಸಿರಿಂಜನ್ನು ಹಾಗೆಯೇ ತಟ್ಟೆಯಲ್ಲಿ ಬಿಟ್ಟು, ಆ ಕಾಗದವನ್ನೂ ಚೀಟಿಯನ್ನೂ ಹಿಡಿದುಕೊಂಡು ಡಾಕ್ಟರರ ಕೋಣೆಗೆ ನುಗ್ಗಿದಳು. ಎದುರಿಗೆ ಕುಳಿತಿದ್ದ ಮುದುಕನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಕಾಗದವನ್ನು ಮೇಜಿನ ಮೇಲೆ ಬಡಿದಳು.

"ಇದಕ್ಕೆ ಯಾವ ವಿಟಮಿನ್ ಕೊಡ್ತೀರಿ ಡಾಕ್ಟ್ರೇ?"

ವಿಷಯ ಕೇಳಿದ ಡಾಕ್ಟರರು ಮೊದಲು ರೇಗಿದರು. "ಸಂಸಾರದ ತಾಪತ್ರಯಕ್ಕೆಲ್ಲ ನನ್ನ ಹತ್ತಿರ ಮದ್ದು ಎಲ್ಲಿಂದ ಬರಬೇಕು? ಹೊರಗೆ ನಲವತ್ತು ಜನ ಕೂತಿದ್ದಾರೆ. ಒಬ್ಬೊಬ್ಬರ ಕಥೆ ಕೇಳ್ತಾ ಕೂತರೆ ಜ್ವರದ ಮಕ್ಕಳನ್ನು ಯಾರು ನೋಡುವುದು? ಇಂಜೆಕ್ಷನ್ ಕೊಡದಿದ್ದರೆ ಈ ಡಾಕ್ಟರಿಗೆ ಎಂತದೂ ಗೊತ್ತಿಲ್ಲ ಅಂತ ಇವರೇ ಹೇಳ್ತಾರೆ, ಗೊತ್ತುಂಟಾ ನಿಮಗೆ?"

"ಗೊತ್ತುಂಟು. ಹದಿನಾಲ್ಕು ಸಲ ಬಂದಿದ್ದಾಳೆ. ಹದಿನಾಲ್ಕು ಸಲ ಗಂಟಲು ತೋರಿಸಿದ್ದಾಳೆ. ಒಂದು ಸಲ, ಒಂದೇ ಒಂದು ಸಲ, ಮನೆಯಲ್ಲಿ ಎಂತ ಆಗಿದೆ ಅಂತ ನಾವಿಬ್ಬರೂ ಕೇಳಲಿಲ್ಲ. ನಿನ್ನೆ ಅವಳು ಬಾವಿಗೆ ಹಾರಿದ್ದರೆ ಈ ಚೀಟಿಯಲ್ಲಿ ಎಂತ ಬರೀತಿದ್ದಿರಿ? ನಿಶ್ಶಕ್ತಿ ಅಂತಲಾ?"

ಡಾಕ್ಟರರು ಚೀಟಿಯನ್ನು ತೆಗೆದುಕೊಂಡರು. ಮೇಲಿನಿಂದ ಕೆಳಗಿನವರೆಗೆ ಅವರದೇ ಅಕ್ಷರ, ಅದೇ ಶಬ್ದ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರ ಮುಖದಲ್ಲಿ ನಾಚಿಕೆ ಕಂಡಿತು.

"ಸಫಿಯಮ್ಮನನ್ನು ಕರೀರಿ," ಎಂದರು.

ಸಫಿಯಮ್ಮ ಒಳಗೆ ಬಂದವಳೇ ಮೇಜಿನ ಮೇಲಿದ್ದ ಪುಟ್ಟ ಕಾಲಿನ ಗೆರೆಯನ್ನು ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ತಗ್ಗಲಿಲ್ಲ.

"ನನ್ನ ಮಗ ತೆಂಗಿನ ಮರದಷ್ಟು ಎತ್ತರದಲ್ಲಿ ಕೂತು ಕೆಲಸ ಮಾಡುವವ. ಪಾಸ್‌ಪೋರ್ಟ್ ಅರಬಿಯ ಕೈಯಲ್ಲಿ ಉಂಟು. ಮಗು ಹೋಯ್ತು ಅಂದರೆ ಅವನಿಗೆ ಬರಲಿಕ್ಕೆ ಬಿಡ್ತಾರಾ? ಅಲ್ಲೇ ಕೂತು ಅಳಬೇಕು. ಕಣ್ಣೀರಿನಲ್ಲಿ ಕೈ ತಪ್ಪಿ ಅವನಿಗೆ ಎಂತಾದರೂ ಆದರೆ ನೀವು ತಂದುಕೊಡ್ತೀರಾ? ನಾನು ಹೆತ್ತವಳು ಡಾಕ್ಟ್ರೇ. ಅವನನ್ನು ಉಳಿಸಲಿಕ್ಕೆ ಮಾಡಿದ್ದು."

"ಅವನನ್ನು ಉಳಿಸಲಿಕ್ಕೆ ಇವಳನ್ನು ಕೊಲ್ಲುವುದಾ?" ತೆರೆಸಾ ಕೇಳಿದಳು. ಜುಬೈದಾ ಬಾವಿಯ ಹತ್ತಿರ ನಿಂತದ್ದನ್ನೂ ಹೇಳಿದಳು.

ಸಫಿಯಮ್ಮ ಒಂದು ಗಳಿಗೆ ಬೆಚ್ಚಿದಳು. ಆದರೂ ಹಟ ಬಿಡಲಿಲ್ಲ. "ಹೆಂಗಸಾದ ಮೇಲೆ ತಡೆದುಕೊಳ್ಳಬೇಕು. ನನ್ನ ಗಂಡ ಕೊಲಂಬೋದಲ್ಲಿದ್ದಾಗ ನನ್ನದು ಮೂರು ಹೋಗಿದ್ದಾವೆ. ನಾನು ಯಾರ ಹತ್ತಿರ ಹೇಳಿದ್ದೇನೆ? ಸತ್ತು ಹೋದೆನಾ?"

"ಸಾಯಲಿಲ್ಲ. ನಿಮ್ಮ ತಲೆನೋವಿಗೆ ಹನ್ನೊಂದು ವರ್ಷದಿಂದ ನಾನೇ ಚುಚ್ಚುತ್ತಾ ಇದ್ದೇನೆ," ಎಂದಳು ತೆರೆಸಾ.

ಡಾಕ್ಟರರು ಕೈಯೆತ್ತಿ ಅವಳನ್ನು ತಡೆದರು. ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಸಫಿಯಮ್ಮನ ಎದುರಿಗೆ ಕುಳಿತರು. ಆ ದವಾಖಾನೆಯಲ್ಲಿ ಅದುವರೆಗೆ ಯಾರನ್ನೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಆ ಮೂರು ಮಕ್ಕಳಿಗೆ ಹೆಸರು ಇಟ್ಟಿದ್ದಿರಾ?"

ಹೊರಗೆ ಮಂಗಳೂರಿನ ಬಸ್ಸು ಹಾರ್ನ್ ಹಾಕುತ್ತಲೇ ಇತ್ತು. ಸಫಿಯಮ್ಮ ಥೇಟು ಸೊಸೆಯ ಹಾಗೆಯೇ ಗಂಟಲು ಹಿಡಿದುಕೊಂಡಳು.

"ಮೊದಲನೆಯವ ಪುತ್ತುಬ್ಬ," ಎಂದಳು ಕೊನೆಗೆ. "ಎರಡನೆಯವಳು ಆಯಿಶಾ. ಮೂರನೆಯದಕ್ಕೆ ಇಡಲಿಕ್ಕೆ ಆಗಲಿಲ್ಲ." ಆಮೇಲೆ ಶಿರವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಡಾಕ್ಟರರು ಗಡಿಯಾರ ನೋಡಲಿಲ್ಲ.

ಆಮೇಲೆ ಅವರು ನಿಧಾನವಾಗಿ ತಿಳಿಸಿ ಹೇಳಿದರು. ಇದು ಹುಚ್ಚಲ್ಲ. ದುಃಖವನ್ನು ಅದುಮಿ ಅದುಮಿ ದೇಹಕ್ಕೇ ರೋಗ ಹತ್ತಿದೆ. ಮಣಿಪಾಲದಲ್ಲಿ ಇದಕ್ಕೇ ಡಾಕ್ಟರರಿದ್ದಾರೆ, ನಾಳೆಯೇ ಹೋಗಬೇಕು. ಬಾವಿಯ ಕಡೆ ಅವಳನ್ನು ಒಬ್ಬಳೇ ಬಿಡಬಾರದು. "ಸಯೀದನಿಗೆ ಹೇಳುವುದು ಬಿಡುವುದು ನಿಮ್ಮ ಮನೆಯ ವಿಚಾರ. ಆದರೆ ಇನ್ನೊಂದು ಸಲ ಈ ಹುಡುಗಿಯಿಂದ ಆ ಸುಳ್ಳು ಹೇಳಿಸಿದರೆ ನನ್ನ ಯಾವ ಮದ್ದೂ ಹಿಡಿಯುವುದಿಲ್ಲ." ಸಫಿಯಮ್ಮ ಎದ್ದು, ಪರದೆಯ ಹಿಂದೆ ಕುಳಿತಿದ್ದ ಸೊಸೆಯ ಕೈ ಹಿಡಿದುಕೊಂಡು ಹೊರಟುಹೋದಳು. ಹದಿನೈದನೆಯ ಇಂಜೆಕ್ಷನನ್ನು ತೆರೆಸಾ ಮೋರಿಗೆ ಚೆಲ್ಲಿದಳು.

ಬುಧವಾರ ಅತ್ತೆ ಸೊಸೆ ಮಣಿಪಾಲದ ಬಸ್ಸು ಹತ್ತಿದ್ದನ್ನು ರತ್ನಾವತಿ ಬಂದು ಹೇಳಿದಳು. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜು ಮುಗಿಯುವ ಹೊತ್ತಿಗೆ ಅವರಿಬ್ಬರೂ ದವಾಖಾನೆಯ ಮೆಟ್ಟಿಲು ಹತ್ತಿದರು. ಸಫಿಯಮ್ಮನ ಕಂಕುಳಲ್ಲಿ, ಬಟ್ಟೆಯಲ್ಲಿ ಸುತ್ತಿದ ಟೇಪ್ ರೆಕಾರ್ಡರ್ ಇತ್ತು.

"ಚಾವಡಿಯಲ್ಲಿ ಈಗಲೇ ಜನ ಬಂದು ಕೂತಿದ್ದಾರೆ," ಎಂದಳು ಅವಳು. "ಇವಳಿಗೆ ಒಬ್ಬಳೇ ಕೂತು ಮಾತಾಡಲಿಕ್ಕೆ ನಮ್ಮ ಮನೆಯಲ್ಲಿ ಒಂದು ಕೋಣೆ ಇಲ್ಲ ಬಾಯಮ್ಮ. ಇಲ್ಲಿ ಉಂಟಾ?"

ಡಾಕ್ಟರರು ಸ್ಟೆತಸ್ಕೋಪ್ ಎತ್ತಿಕೊಂಡು ತಮ್ಮ ಕೋಣೆಯಿಂದ ಹೊರಗೆ ಬಂದರು. ಜುಬೈದಾ ಒಳಗೆ ಹೋದಳು. ಸಫಿಯಮ್ಮ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕುಳಿತಳು. ಡಾಕ್ಟರರು ಹೊರಗಿನ ಬೆಂಚಿನಲ್ಲಿ ರತ್ನಾವತಿಯ ಪಕ್ಕ ಕುಳಿತು, "ನಿನ್ನ ಮನೆಯಲ್ಲಿ ಹೇಗುಂಟು, ಹೇಳು," ಎನ್ನುತ್ತಿದ್ದರು. ಸರದಿ ಕಾಯುತ್ತಿದ್ದ ಗಂಡಸೊಬ್ಬ, ಎಷ್ಟು ಹೊತ್ತು ಕಾಯಬೇಕು ಎಂದು ಗೊಣಗಿದ.

"ಒಳಗೆ ನನ್ನ ಸೊಸೆ ಮಾತಾಡ್ತಾ ಇದ್ದಾಳೆ," ಎಂದು ಸಫಿಯಮ್ಮ ಅವನನ್ನು ಗದರಿದಳು. "ಮುಗಿಯುವವರೆಗೆ ಯಾರೂ ಈ ಬಾಗಿಲು ಮುಟ್ಟಬಾರದು."

ಒಳಗಿನಿಂದ ಅವರ ಮನೆಮಾತಾದ ಬ್ಯಾರಿ ಭಾಷೆಯ ಮಾತು ಸಣ್ಣಗೆ ಕೇಳುತ್ತಿತ್ತು. ನಡುನಡುವೆ ಸೌದಾ ಎಂಬ ಹೆಸರು ಮಾತ್ರ ತೆರೆಸಾಳಿಗೆ ತಿಳಿಯಿತು. ಆಮೇಲೆ ಅಳು, ಈ ಸಲ ಯಾವ ಮಗುವಿನದೂ ಅಲ್ಲ. ಸಫಿಯಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಬಹಳ ಹೊತ್ತಿನ ಮೇಲೆ ತೆರೆಸಾಳ ಕಡೆ ತಲೆಯೆತ್ತಿದಳು.

"ಬಾಯಮ್ಮ, ಆ ಕ್ಯಾಸೆಟ್ಟಿಗೆ ಇನ್ನೊಂದು ಬದಿ ಉಂಟಲ್ವಾ?"

"ಉಂಟು. ಯಾಕೆ?"

"ಅದನ್ನು ಖಾಲಿ ಬಿಡಲಿಕ್ಕೆ ಹೇಳಿ. ಅವಳದಾದ ಮೇಲೆ ನಾನು ಹೋಗ್ತೇನೆ. ತನಗೆ ಮೂರು ಜನ ಒಡಹುಟ್ಟಿದವರಿದ್ದರು ಅಂತ ನನ್ನ ಮಗನಿಗೆ ಗೊತ್ತಿಲ್ಲ."