ಎದೆಯ ಮೇಲಿನ ಕಂದು ಗುರುತು

ತಮ್ಮ ತೀರಿಕೊಂಡ ಸುದ್ದಿ ಅಕ್ಕನಿಗೆ ಮುಟ್ಟಿದ್ದು ಮಂಗಳವಾರ ಮಧ್ಯಾಹ್ನ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಅಂಟು ಹಚ್ಚುತ್ತಿದ್ದವನು ಕುಸಿದುಬಿದ್ದು ಮತ್ತೆ ಏಳಲಿಲ್ಲ. ಶವ ಮನೆಗೆ ಬಂದಾಗ ಆಕೆಯ ಕಣ್ಣಿಗೆ ಬಿದ್ದದ್ದು ಎದೆಯ ನಡುವಿನ ಕಂದು ಗುರುತು.

"ಇದೇನಿದು?"

ಅವನ ಜೊತೆ ಕೆಲಸ ಮಾಡುತ್ತಿದ್ದ, ಕಾಗದ ಕತ್ತರಿಸುವಾತ ದನಿ ತಗ್ಗಿಸಿದ. "ಒಬ್ಬಳು ಕಾಲೇಜು ಹುಡುಗಿ, ಅಕ್ಕಾ. ಕಟ್ಟೋಕೆ ಕೊಟ್ಟ ಚರಿತ್ರೆ ಪುಸ್ತಕದ ಪುಟ ಹಿಂದುಮುಂದಾಗಿದೆ ಅಂತ ಇವನ ಹತ್ರ ಜಗಳಕ್ಕೆ ನಿಂತಿದ್ಲು. ಇವನು ಬಿದ್ದಿದ್ದೇ ತಡ, ಎದೆ ಮೇಲೆ ಕೈಯಿಟ್ಟು ಗುದ್ದೋಕೆ ಶುರು ಮಾಡಿದ್ಲು. ನಾನೇ ರಟ್ಟೆ ಹಿಡಿದು ಎಳೆದುಹಾಕಿದೆ. ಇವನನ್ನ ಎತ್ತಿ ಕೂರಿಸಿ ನೀರು ಕುಡಿಸಿದೆ. ಒಳಗೆ ಇಳೀಲೇ ಇಲ್ಲ."

ಬೆಂಕಿಯಿಲ್ಲದೆ ಹೊಗೆಯಾಡೀತೇ? ಅಕ್ಕನ ಮನಸ್ಸಿನಲ್ಲಿ ಸಂಶಯ ಹುತ್ತಗಟ್ಟಿತು. ಹತ್ತು ದಿನ ಕಳೆದ ಮೇಲೆ ದೂರಿನ ಅರ್ಜಿ ಬರೆದಳು. ಹುಡುಗಿಯ ಹೆಸರೊಂದು ಬಾಕಿ. ಕತ್ತರಿಸುವಾತನನ್ನು ಸಾಕ್ಷಿಗೆ ಕರೆದುಕೊಂಡು ಊರಿನ ಕಾಲೇಜಿಗೆ ನಡೆದಳು.

ಒಂದು ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ರಬ್ಬರ್ ಗೊಂಬೆ ಮಲಗಿಸಿದ್ದರು. ಸುತ್ತ ವಿದ್ಯಾರ್ಥಿಗಳು, ನಡುವೆ ಒಬ್ಬ ನರ್ಸ್.

"ಅವಳೇ!" ಎಂದ ಕತ್ತರಿಸುವಾತ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಓದೋದು ಚರಿತ್ರೆ. ಇವಳಿಗೆ ಡಾಕ್ಟರ್ ಕೆಲಸ ಯಾರು ಕೊಟ್ರು?" ಎಂದಳು ಅಕ್ಕ. "ತಪ್ಪು ಮುಚ್ಚೋಕೆ ತಾನೇ ಈ ಗೊಂಬೆಯಾಟ?"

"ಕೂತ್ಕೊಳ್ಳಿ ಅಮ್ಮಾ," ಎಂದಳು ನರ್ಸ್. "ಹೃದಯ ನಿಂತರೆ, ಡಾಕ್ಟರ್ ಬರೋ ತನಕ ಮೆದುಳು ಕಾಯಲ್ಲ. ಪಕ್ಕದಲ್ಲಿರೋರೇ ಎದೆ ಒತ್ತಿ ರಕ್ತ ಓಡಿಸ್ಬೇಕು. ಅದಕ್ಕೇ ಸಿಪಿಆರ್ ಅನ್ನೋದು. ಇವಳು ಕಲಿತಿದ್ದೂ ಇಲ್ಲೇ."

"ಗೊಂಬೆಗೆ ಜೀವ ಬರುತ್ತೇನು?" ಎಂದು ಕತ್ತರಿಸುವಾತ ಕೊಂಕು ನುಡಿದ.

"ಅದು ಸತ್ರೂ ಪರವಾಗಿಲ್ಲ ಅಂತಲೇ ಅದರ ಮೇಲೆ ಕಲಿಸೋದು, ಅಣ್ಣಾ."

"ಪಕ್ಕೆಲುಬು ಮುರಿದ್ರೆ?"

"ಮುರಿದ ಎಲುಬು ಕೂಡಿಕೊಳ್ಳುತ್ತೆ. ನಿಂತ ಹೃದಯ ತಾನಾಗಿ ಹೊರಡಲ್ಲ."

ಹುಡುಗಿ ಬಿಕ್ಕಿದಳು. "ಮೂವತ್ತು ಎಣಿಸೋದ್ರೊಳಗೆ ಎಳೆದ್ರು, ಅಮ್ಮಾ. ಆಂಬುಲೆನ್ಸಿಗೆ ಫೋನ್ ಮಾಡಿ ಅಂತ ಕೂಗಿದೆ. ಎಲ್ರೂ ನನ್ನನ್ನೇ ಹಿಡ್ಕೊಂಡಿದ್ರು."

ಕತ್ತರಿಸುವಾತ ನರ್ಸ್ ಕಡೆ ತಿರುಗಿದ. "ನಾನು ಎಳೀದಿದ್ರೆ... ಬದುಕ್ತಿದ್ನಾ?"

"ಖಂಡಿತ ಅಂದ್ರೆ ಸುಳ್ಳಾಗುತ್ತೆ," ಎಂದಳು ನರ್ಸ್. " ಒಂದು ಅವಕಾಶ ಇತ್ತು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಾಪಾಡಲು ಬಂದ ಕೈ ಕೊಲ್ಲುವ ಕೈಯಾಗಿ ಕಂಡಿತ್ತು. ಅಕ್ಕ ಗೊಂಬೆಯ ಬಳಿ, ಹುಡುಗಿಯ ಪಕ್ಕದಲ್ಲಿ ಮಂಡಿಯೂರಿದಳು.

"ಕೈ ಎಲ್ಲಿಡಬೇಕು, ಮಗಳೇ? ಮೊದಲು ಇವನಿಗೆ ತೋರಿಸು. ಆಮೇಲೆ ನನಗೆ."

ಓದುವ ಬಂಧುಗಳೇ, ಕುಸಿದವರು ನೀವು ಕೂಗಿದರೂ ಎಚ್ಚರಗೊಳ್ಳದೆ, ಉಸಿರು ಸರಿಯಾಗಿ ಆಡದಿದ್ದರೆ ಕಾಯಬೇಡಿ. ಆಂಬುಲೆನ್ಸಿಗೆ ಕರೆ ಹೋಗಲಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈಯಿಟ್ಟು, ತೋಳು ನೇರಮಾಡಿ, ಎರಡು ಅಂಗುಲದಷ್ಟು ಆಳಕ್ಕೆ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ನೆರವು ಬರುವವರೆಗೆ. ಬಾಯಿಗೆ ನೀರು ಹಾಕಬೇಡಿ. ಒತ್ತುವವರನ್ನು ಎಳೆಯಬೇಡಿ, ಅವರು ದಣಿದರೆ ನೀವು ಮುಂದುವರಿಸಿ. ಮಕ್ಕಳು ಏನನ್ನೇ ಓದುತ್ತಿರಲಿ, ಇದನ್ನೂ ಕಲಿಯಲಿ.

ದಯಾಮಯನೇ, ಅರಿಯದೆ ಮಾಡಿದ ತಪ್ಪನ್ನು ಮನ್ನಿಸು. ಹೋದ ಜೀವವನ್ನು ನಿನ್ನ ನೆರಳಿಗೆ ಕರೆದುಕೋ. ಅದಕ್ಕೆ ಶಾಂತಿಯನ್ನು ಕೊಡು.