ಯಾರ ಕಡೆಯವರು

ಮೂರನೆಯ ಸಲ ಗುಂಡಿ ಒತ್ತಿದ ಮೇಲೆ ಪ್ರಿಂಟರಿನಿಂದ ರೋಗಿಯ ಚೀಟಿ ಹೊರಬಂತು. ಹಿದಾಯತ್ ಉಸ್ಸೆಂದು ಕುರ್ಚಿಗೆ ಒರಗಿದ. ಹರಿಹರದಲ್ಲಿ ಟ್ರಸ್ಟೊಂದು ನಡೆಸುವ ಈ ಡಯಾಲಿಸಿಸ್ ಕೇಂದ್ರದ ಸಾಫ್ಟ್‌ವೇರ್ ಅವನೇ ಬರೆದದ್ದು. ಹೋದ ತಿಂಗಳು ಡೇಟಾಬೇಸನ್ನು ಹೊಸ ಆವೃತ್ತಿಗೆ ಸಾಗಿಸಿ, ಅದು ಯಾವ ಆವೃತ್ತಿಯ ನಿಯಮದಂತೆ ನಡೆಯಬೇಕೆಂದು ಹೇಳುವ ಕಂಪ್ಯಾಟಿಬಿಲಿಟಿ ಸೆಟ್ಟಿಂಗನ್ನು ಹಳೆಯದರಿಂದ ಹೊಸದಕ್ಕೆ ಏರಿಸಿದವನೂ ಅವನೇ. ಅವತ್ತಿನಿಂದ ಒಂದಲ್ಲ ಒಂದು ಕಿರಿಕಿರಿ. ಚೀಟಿ ತಡ, ವರದಿ ತೆರೆಯುವುದಿಲ್ಲ, ಫೋನಿನ ಮೇಲೆ ಫೋನು. ದಾವಣಗೆರೆಯಿಂದ ಅವನು ಬಂದದ್ದೇ ಅದಕ್ಕೆ.

“ಮತ್ತೇನಾದ್ರೂ ತೊಂದರೆ ಐತೇನ್ರಿ ಸಿಸ್ಟರ್?”

“ಇಲ್ಲ ಬಿಡ್ರಿ, ಉಳಿದದ್ದೆಲ್ಲ ಆರಾಮೈತೆ” ಎಂದಳು ನರ್ಸ್ ಮೀನಾಕ್ಷಿ.

ನೀರು ಕುಡಿಯಲು ಹಜಾರಕ್ಕೆ ಬಂದವನು ಗೋಡೆಯ ಟೀವಿಯತ್ತ ನೋಡಿದ. ಮುಂದಿನ ಸರದಿ ಯಾರದ್ದೆಂದು ತೋರಿಸುವ ಪರದೆ ಅದು. ಕೊನೆಯ ಡಯಾಲಿಸಿಸ್ ಆಗಿ ಯಾರಿಗೆ ಹೆಚ್ಚು ದಿನವಾಗಿದೆಯೋ ಅವರ ಹೆಸರು ಎಲ್ಲರಿಗಿಂತ ಮೇಲೆ ಬರಬೇಕು. ಅದು ಅವನದೇ ಯೋಚನೆ, ಮನೆಯಲ್ಲಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು. ಈಗ ಪರದೆಯ ಮೇಲೆ ಅಂಜನಕುಮಾರ, ಅಲ್ಲಾಬಕ್ಷ್, ಉಚ್ಚೆಂಗಪ್ಪ, ಕಾಟಮ್ಮ ಎಂದು ಶಾಲೆಯ ಹಾಜರಿ ಕೂಗಿದಂತೆ ಹೆಸರುಗಳು ಅಕಾರಾದಿಯಾಗಿ ನಿಂತಿದ್ದವು. ಕಟ್ಟಕಡೆಗೆ ಹುಲಿಗೆಮ್ಮ, ಕೊಕ್ಕನೂರು.

ಹುಲಿಗೆಮ್ಮ ಬೆಂಚಿನ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಊದಿದ ಕಾಲಿನಲ್ಲಿ ಕಾಲುಂಗುರಗಳು ಹೂತುಹೋಗಿದ್ದವು. ಗಂಡ ಕರಿಯಣ್ಣ ಟವೆಲಿನಿಂದ ಗಾಳಿ ಹಾಕುತ್ತಿದ್ದ.

“ಯಜಮಾನ್ರೆ, ಅಮ್ಮಗೆ ಡಯಾಲಿಸಿಸ್ ಆಗಿ ಎಷ್ಟು ದಿನ ಆತು?”

“ಹೋದ ವಾರ ಜನ ಕಡಿಮೆ ಇದ್ದಾಗ ಒಂದ್ಸಲ ಆಗಿದ್ದು, ಸಾಹೇಬ್ರೆ. ದಿನಾ ಬರ್ತೀವಿ. ಸಂಜೀಗೆ, ಇವತ್ತು ಮುಗೀತು, ನಾಳೆ ಬರ್ರಿ ಅಂತಾರೆ.”

“ಅಲ್ರೀ, ಹೆಸರು ದಿನಾ ಕೆಳಗೇ ಐತಲ್ಲ, ಯಾಕ ಅಂತ ಕೇಳ್ಬಾರ್ದಾ?”

ಕರಿಯಣ್ಣ ಹಸುಗೂಸನ್ನು ನೋಡಿದಂತೆ ಅವನನ್ನು ನೋಡಿದ.

“ಕೇಳಾದೇನ್ರಿ? ಅಂಜನಕುಮಾರನ ಮಾವ ಟ್ರಸ್ಟಿನಾಗೆ ಅದಾನಂತೆ. ಅಲ್ಲಾಬಕ್ಷ್‌ಗೆ ಡಾಕ್ಟ್ರು ಪರಿಚಯ. ಉಚ್ಚೆಂಗಪ್ಪ ಯಾರ ಕಡೆಯೋನು ಅಂತ ಯಾರಿಗೂ ಗೊತ್ತಿಲ್ಲ. ಅಂದ್ಮೇಲೆ ಭಾಳ ದೊಡ್ಡೋರ ಕಡೆಯೋನೇ ಇರ್ಬೇಕು.” ದನಿ ತಗ್ಗಿಸಿದ. “ನಾನೂ ಸುಮ್ನೆ ಕುಂತಿಲ್ಲ ಬಿಡ್ರಿ. ಕೊಂಡಜ್ಜಿ ಊರಿನ ಲೀಡ್ರು ಹೊಸ ಮನೆ ಕಟ್ಟಿಸ್ತಾ ಅದಾರೆ. ದಿನಾ ನಸುಕಿಗೆ ಹೋಗಿ ಗೋಡೆಗೆ ನೀರು ಹೊಡ್ದು ಬರ್ತೀನಿ. ಇಲ್ಲಿಗೆ ಒಂದ್ ಫೋನ್ ಮಾಡ್ತೀನಿ ಅಂದಾರೆ.”

ಹಿದಾಯತ್ ಒಳಗೆ ಓಡಿದ. “ಸಿಸ್ಟರ್, ಸರದಿ ಪೂರಾ ಕೆಟ್ಟೈತೆ! ನಿಮಗೂ ಗೊತ್ತಾಗ್ಲಿಲ್ವಾ?”

“ಗೊತ್ತಾಗಿತ್ತು” ಎಂದಳು ಮೀನಾಕ್ಷಿ, ತಲೆ ಎತ್ತದೆ. “ಮೇಲಿನೋರೇ ಹೇಳಿ ಮಾಡ್ಸಿದಾರೆ ಅಂದ್ಕಂಡ್ವಿ. ಇಲ್ಲದ ಉಸಾಬರಿ ನಮಗ್ಯಾಕ?”

ಅವನಿಗೆ ಮೈಯೆಲ್ಲ ಉರಿಯಿತು. ಚೀಟಿ ಒಂದು ಗಳಿಗೆ ತಡವಾದರೆ ಬೊಬ್ಬೆ ಹೊಡೆಯುವ ಜನ, ಸರದಿ ತಲೆಕೆಳಗಾದರೆ ಬಾಯಿ ಬಿಟ್ಟಿರಲಿಲ್ಲ. ಚೀಟಿಯದಾದರೆ ಕಂಪ್ಯೂಟರಿನ ತಪ್ಪು. ಇದು ಮಾಮೂಲು, ಎಲ್ಲ ಕಡೆ ಇರುವಂಥದ್ದು. ಯಾರ ಮೇಲೆ ಸಿಟ್ಟಾಗಬೇಕೆಂದು ಹೊಳೆಯದೆ ಅವನು ಕೀಲಿಮಣೆಯನ್ನು ಕುಟ್ಟಿದ.

ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ದಿನಗಳ ಪ್ರಕಾರ ಜೋಡಿಸು ಎಂಬ ಆದೇಶವನ್ನು ಅವನು ಎಲ್ಲೋ ಒಳಪದರದಲ್ಲಿ ಬರೆದಿಟ್ಟಿದ್ದ. ಹಳೆಯ ಸೆಟ್ಟಿಂಗ್ ಅದನ್ನು ಪಾಲಿಸುತ್ತಿತ್ತು, ಹೊಸದು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸೆಟ್ಟಿಂಗ್ ಏರಿಸಿದ ದಿನ ಪರದೆಯನ್ನೊಮ್ಮೆ ಓದಿದ್ದರೆ ಸಾಕಿತ್ತು. ಹೆಸರು ಬರುತ್ತಿವೆ ಎಂದಷ್ಟೇ ನೋಡಿ ಮನೆಗೆ ಹೋಗಿದ್ದ, ದರಿದ್ರದವನು.

ಕಂಪನಿಯ ಯಜಮಾನ ದಿನೇಶನಿಗೆ ಫೋನ್ ಮಾಡಿದ. “ಸದ್ಯಕ್ಕೆ ಹಳೇದಕ್ಕೇ ಇಳಿಸಿಬಿಡೋ ಮಾರಾಯ” ಎಂದ ದಿನೇಶ. “ಯಾರ ಮುಂದೂ ಬಾಯಿ ಬಿಡಬ್ಯಾಡ. ಟ್ರಸ್ಟಿನೋರಿಗೆ ಗೊತ್ತಾದ್ರೆ ಕೆಲಸಾನೂ ಹೋಗ್ತೈತೆ, ನೀನೂ ಹೋಗ್ತೀಯ.”

ಹಿದಾಯತ್ ಇಳಿಸಿದ. ಹಜಾರದ ಟೀವಿ ಕಣ್ಣು ಮಿಟುಕಿಸಿತು. ಹುಲಿಗೆಮ್ಮನ ಹೆಸರು ಎಲ್ಲರಿಗಿಂತ ಮೇಲೆ ಬಂತು.

“ಹುಲಿಗೆಮ್ಮ, ಒಳಗೆ ಬರ್ರಿ” ಎಂದು ಮೀನಾಕ್ಷಿ ಕೂಗಿದಳು. ಎದ್ದು ನಿಂತಿದ್ದ ಅಂಜನಕುಮಾರ ಮತ್ತೆ ಕೂತ. ಆಮೇಲೆ ಯಾರೋ ಪಿಸುಗುಟ್ಟಿದರು: “ಇವ್ರು ಯಾರ ಕಡೇರಂತೆ?”

ಹೆಂಡತಿಯನ್ನು ಆನಿಸಿಕೊಂಡು ಒಳಗೆ ಬಿಟ್ಟು ಕರಿಯಣ್ಣ ಹೊರಬಂದಾಗ ಹಿದಾಯತನಿಗೆ ತಡೆಯಲಾಗಲಿಲ್ಲ. ಕೆಲಸ ಹೋದರೆ ಹಾಳಾಗಿ ಹೋಗಲಿ ಎನಿಸಿತು.

“ಯಜಮಾನ್ರೆ, ಯಾರ ಫೋನೂ ಬಂದಿಲ್ಲ. ತಪ್ಪು ನಂದು. ಕಂಪ್ಯೂಟರ್‌ನಾಗೆ ಒಂದು ಸೆಟ್ಟಿಂಗ್ ಬದಲು ಮಾಡಿದ್ದೆ, ಸರದಿ ಕೆಟ್ಟೋತು. ಅಮ್ಮಗೆ ಇಷ್ಟು ತ್ರಾಸಾಗಿದ್ದು ನನ್ನಿಂದ. ಅದು ನಿಮ್ಮ ಸರದಿ, ನಿಮ್ಮದೇ.”

ಕರಿಯಣ್ಣ ಅತ್ತಿತ್ತ ನೋಡಿದ. ಮುಖದಲ್ಲಿ ಮೆಲ್ಲಗೆ ನಗು ಹರಡಿತು. ಎರಡೂ ಕೈಯಿಂದ ಹಿದಾಯತನ ಕೈ ಹಿಡಿದುಕೊಂಡ.

“ತಿಳೀತು ಬಿಡ್ರಿ ಸಾಹೇಬ್ರೆ. ನಾನು ಯಾರಿಗೂ ಹೇಳಲ್ಲ.”

“ಅಯ್ಯೋ, ಹಂಗಲ್ರೀ, ಖುದಾನ ಆಣೆಗೂ...”

“ನಿಮ್ಮ ನೌಕರಿಗೆ ಕುತ್ತು ಬರಬಾರ್ದು. ಕೇಳಿದ್ರೆ ಕಂಪ್ಯೂಟರೇ ಕೆಟ್ಟಿತ್ತು ಅಂತೀನಿ.”

ಕೈ ಬಿಟ್ಟು ಅವನು ಅಂಗಳಕ್ಕಿಳಿದ. ಅಂಗಿಯ ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟ. ಆ ಕಡೆಯಿಂದ ದನಿ ಕೇಳಿದ್ದೇ ತಡ, ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದ.

“ಅಣ್ಣಾರೆ, ಹೆಸರು ಮೇಲೆ ಬಂತ್ರಿ... ಹೂಂ ರೀ... ನಾಳೇನೂ ಬರ್ತೀನಿ, ಗೋಡೆ ಒಣಗಾಕೆ ಬಿಡಲ್ಲ.”

ಮಾತು ಮುಗಿಯುವವರೆಗೂ ಅವನು ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ, ತಲೆ ಬಗ್ಗಿಸಿಕೊಂಡು ನಿಂತೇ ಇದ್ದ.